ಎಲ್ಲರ ಕಣ್ಣೂ ಕಾಲಿನ ಮೇಲೆ: ಗಾಯಗೊಂಡ ಒಂದು ನೆಲಗಪ್ಪೆಯ ಪ್ರಕರಣ

ಹಿನ್ನೆಲೆ

ಸಾಗರ ತಾಲೂಕಿನ ಒಂದು ಅಡಿಕೆ ತೋಟದ ಮನೆ. ಊರು, ಮನೆಯವರು, ವೈದ್ಯರು ಯಾರ ಹೆಸರೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಪಶುವೈದ್ಯೆಯಲ್ಲ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಗೂಡಿನಿಂದ ಬಿದ್ದ ಮರಿ, ಬಲೆಗೆ ಸಿಕ್ಕಿದ ಹಾವು ಅಂತ ಸುತ್ತಿನ ಊರಿನವರು ಫೋನು ಮಾಡುತ್ತಾರೆ. ಹೋಗುತ್ತೇನೆ, ಕೈಲಾದ್ದು ಮಾಡುತ್ತೇನೆ.

ಕಪ್ಪೆ ಸಾಮಾನ್ಯ ನೆಲಗಪ್ಪೆ. ಮೈಯೆಲ್ಲ ಗಂಟು, ಗಂಟಿನ ತುದಿಗೆ ಕಪ್ಪು, ಕಣ್ಣಿನ ಮೇಲೆ ಕಾಡಿಗೆ ತೀಡಿದ ಹಾಗೆ ಒಂದು ಏಣು. ಶಾಸ್ತ್ರದ ಹೆಸರು ಡುಟ್ಟಾಫ್ರೈನಸ್ ಮೆಲನೋಸ್ಟಿಕ್ಟಸ್. ಅಪರೂಪದ್ದೇನಲ್ಲ, ಮಲೆನಾಡಿನ ಯಾವ ಮನೆಯ ಹಿತ್ತಿಲಿಗೆ ಹೋದರೂ ಒಂದಾದರೂ ಇರುತ್ತದೆ. ಈ ಮನೆಯಲ್ಲಿ ಅದಕ್ಕೆ ಬಚ್ಚಲ ಕಪ್ಪೆ ಎಂದೇ ಹೆಸರು. ಮೂರು ಮಳೆಗಾಲದಿಂದ ಬಚ್ಚಲ ನೀರು ಹೋಗುವ ಗಟಾರದ ಕಲ್ಲಿನ ಸಂದಿಯಲ್ಲಿ ವಾಸ. ಏಳು ಗಂಟೆಗೆ ದೀಪ ಹಾಕಿದರೆ ಹೊರಗೆ ಬಂದು ಕೂತು, ಬೆಳಕಿಗೆ ಬಿದ್ದ ಹುಳಗಳನ್ನು ಒಂದೊಂದಾಗಿ ಮುಗಿಸುತ್ತಿತ್ತು. ಗಾತ್ರ ನೋಡಿದರೆ ಹೆಣ್ಣು.

ಅಕ್ಟೋಬರ್, ಕೊನೆಕೊಯ್ಲಿಗೆ, ಅಂದರೆ ಅಡಿಕೆ ಗೊನೆಯ ಕೊಯ್ಲಿಗೆ, ಮುಂಚೆ ತೋಟ, ಹಿತ್ತಿಲು ಚೊಕ್ಕಟ ಮಾಡುವ ಹೊತ್ತು. ಕೆಲಸದವರೊಬ್ಬರು ಬೆಳಿಗ್ಗೆ ಹತ್ತರ ಸುಮಾರಿಗೆ ಗಟಾರದ ಪಕ್ಕ ಕಳೆ ಹೊಡೆಯುವ ಮಷೀನು ಓಡಿಸುತ್ತಿದ್ದರು. ಬ್ಲೇಡಿನ ಬದಲು ನೈಲಾನ್ ದಾರ ಹಾಕಿದ್ದರಿಂದ ಕಪ್ಪೆ ಎರಡು ತುಂಡಾಗಲಿಲ್ಲ. "ಗೊತ್ತೇ ಆಗ್ಲಿಲ್ಲ ಟೀಚರ್, ಕಲ್ಲು ಸಿಡಿದದ್ದು ಅಂದ್ಕೊಂಡೆ" ಎಂದು ಅವರು ಆಮೇಲೆ ನಾಲ್ಕು ಸಲ ಹೇಳಿದರು.

ಮೊದಲ ಗಂಟೆ

ನಾನು ಹೋಗುವಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು. ಕಪ್ಪೆಯನ್ನು ಒಂದು ಅಡಿಕೆ ಹಾಳೆಯ ಮೇಲೆ ಇಟ್ಟಿದ್ದರು. ಬಲ ಹಿಂಗಾಲು ಮೊಣಕಾಲಿನ ಕೆಳಗೆ ಮುರಿದು, ಮೂಳೆ ಹೊರಗೆ ಬಂದು, ಪಾದ ಚರ್ಮದ ಎಳೆಯಲ್ಲಿ ನೇತಾಡುತ್ತಿತ್ತು. ಕಣ್ಣಿನ ಹಿಂದಿನ ಗ್ರಂಥಿಯಿಂದ ಹಾಲಿನಂಥ ವಿಷ ಒಸರಿ ಒಣಗಿತ್ತು. ಬಾಯಿಯ ಎಡ ಮೂಲೆಯಲ್ಲಿ ಸ್ವಲ್ಪ ರಕ್ತ. ಕಾಲಿನದ್ದು ಮೆತ್ತಿರಬೇಕು ಎಂದುಕೊಂಡೆ. ಈ ಬರಹದಲ್ಲಿ ನನ್ನ ದೊಡ್ಡ ತಪ್ಪು ಆ ಒಂದು ಯೋಚನೆ.

ಸುತ್ತ ನಿಂತವರಲ್ಲಿ ನಾಲ್ಕು ಅಭಿಪ್ರಾಯ. ಮನೆಯ ಅಜ್ಜಿಗೆ ಅರಿಶಿಣ ಹಚ್ಚಬೇಕು. ಪಿಯುಸಿ ಓದುವ ಮೊಮ್ಮಗನಿಗೆ ಪೇಟೆಯ ಡಾಕ್ಟರ ಹತ್ತಿರ ಹೋಗಬೇಕು, ಈಗಲೇ. ಯಜಮಾನರಿಗೆ "ತೋಟದ ಕೆಳಗೆ ಬಿಟ್ಟುಬಿಡಿ, ಅದರ ಹಣೆಬರಹ ಇದ್ದ ಹಾಗಾಗ್ತದೆ." ಮಷೀನು ಓಡಿಸಿದವರು ಗುದ್ದಲಿ ಹಿಡಿದು ದೂರ ನಿಂತಿದ್ದರು. ಒಂದೇ ಏಟು, ಮುಗಿದುಹೋಗ್ತದೆ ಎಂಬುದು ಅವರ ಮಾತು.

ನಾಲ್ವರಲ್ಲಿ ಯಾರೂ ಕಟುಕರಲ್ಲ ಎನ್ನುವುದನ್ನು ಮೊದಲೇ ಹೇಳಬೇಕು. ಗುದ್ದಲಿಯ ಮಾತನ್ನು ಕೇಳಿ ಹುಡುಗ ಸಿಟ್ಟಾದ. ನಾನಾಗಲಿಲ್ಲ. ತಲೆಯನ್ನು ಒಂದೇ ಕ್ಷಣದಲ್ಲಿ ಪುಡಿ ಮಾಡುವ ಏಟು ನೋಡಲು ಭೀಕರ, ಕಪ್ಪೆಗೆ ಅಷ್ಟು ಭೀಕರವಲ್ಲ. ನೋಡಲು ಸೌಮ್ಯವಾದದ್ದು ಫ್ರೀಜರ್. ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರೆ ನಿದ್ದೆಯಲ್ಲಿ ಹೋಗುತ್ತದೆ ಎಂದು ಓದಿದವರೇ ಹೇಳುತ್ತಾರೆ. ಮೈ ತಣ್ಣಗಾದರೆ ಕಪ್ಪೆ ಅಲುಗಾಡುವುದಿಲ್ಲ, ಅಷ್ಟೆ. ನೋವು ನಿಂತಿದೆ ಎಂದು ಅದರ ಅರ್ಥವಲ್ಲ. ಮೈಯೊಳಗೆ ಮಂಜಿನ ಹರಳು ಕಟ್ಟುತ್ತ ಹೋಗುವ ಸಾವು ಅದು. ಉಪ್ಪು, ಸ್ಪಿರಿಟ್, ಬಿಸಿನೀರಿನ ಮಾತನ್ನಂತೂ ಎತ್ತುವುದೇ ಬೇಡ.

ಅಜ್ಜಿ ಅರಿಶಿಣದ ಡಬ್ಬಿಯನ್ನು ತಂದೇ ಬಿಟ್ಟಿದ್ದರು. ಕಪ್ಪೆಯ ಚರ್ಮ ನಮ್ಮದರಂತಲ್ಲ. ಅದು ಬಾಯಿಯಲ್ಲಿ ನೀರು ಕುಡಿಯುವುದಿಲ್ಲ, ಹೊಟ್ಟೆಯ ಕೆಳಗಿನ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಾಟದಲ್ಲೂ ಚರ್ಮಕ್ಕೆ ಪಾಲಿದೆ. ಮೇಲೆ ಹಚ್ಚಿದ್ದು ಒಳಗೇ ಹೋಯಿತೆಂದು ಲೆಕ್ಕ. ಡೆಟಾಲ್, ಸೋಪು ಹತ್ತಿದ ಕೈ, ಬಾಯಿಹುಣ್ಣಿಗೆ ಹಚ್ಚುವ ಮರಗಟ್ಟಿಸುವ ಜೆಲ್ ಎಲ್ಲವೂ ಅಪಾಯ. ಜೆಲ್ ಬಗ್ಗೆ ವಿಶೇಷವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ನೋವು ಕಡಿಮೆಯಾಗಲಿ ಎಂದು ಹುಡುಗ ಅದನ್ನೇ ಹುಡುಕುತ್ತಿದ್ದ. ಆ ಜಾತಿಯ ಮದ್ದುಗಳಲ್ಲಿ ಒಂದಾದ ಬೆಂಜೊಕೇನನ್ನು ಹೆಚ್ಚು ಪ್ರಮಾಣದಲ್ಲಿ ಕಪ್ಪೆಗಳಿಗೆ ದಯಾಮರಣ ಕೊಡಲು ಬಳಸುತ್ತಾರೆ.

ಅಜ್ಜಿಗೆ ಇದನ್ನೆಲ್ಲ ಹೇಳಲು ಹೋಗಲಿಲ್ಲ. ಅವರೇ ಶೃಂಗೇರಿಯ ಕಪ್ಪೆ ಶಂಕರನ ಕಥೆ ತೆಗೆದರು. ಬಿಸಿಲಿನಲ್ಲಿ ಬೇನೆ ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆ ಹಿಡಿದದ್ದು. "ಹಾವು ನೆರಳು ಕೊಟ್ಟಿತು ಅಜ್ಜಿ, ಅರಿಶಿಣ ಹಚ್ಚಲಿಲ್ಲ" ಅಂದೆ. ನಕ್ಕು ಡಬ್ಬಿ ಒಳಗೆ ಇಟ್ಟರು. ನಾವು ಮೊದಲು ಕೊಟ್ಟದ್ದೂ ಅದೇ: ನೆರಳು, ತೇವ, ಸದ್ದಿಲ್ಲದ ಜಾಗ. ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ಒದ್ದೆ ಮಾಡಿದ ಹಳೇ ಬಿಳಿ ಪಂಚೆಯ ತುಂಡು, ಅಡಗಲು ಹಾಳೆಯ ಒಂದು ಚೂರು. ಮಣ್ಣು, ಹತ್ತಿ ಹಾಕಲಿಲ್ಲ, ಗಾಯಕ್ಕೆ ಅಂಟುತ್ತದೆ. ಬಾವಿ ನೀರಾದ್ದರಿಂದ ಕ್ಲೋರಿನ್ ಚಿಂತೆ ಇರಲಿಲ್ಲ. ಪೇಟೆಯ ನಲ್ಲಿ ನೀರಾದರೆ ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ಆಮೇಲೆ ಮೂರು ಪರೀಕ್ಷೆ ಮಾಡಿದೆ. ಹೊಟ್ಟೆ ಒಡೆದಿದೆಯೇ? ಇಲ್ಲ. ಒಳ್ಳೆಯ ಹಿಂಗಾಲಿನ ಬೆರಳು ಚಿವುಟಿದರೆ ಎಳೆದುಕೊಳ್ಳುತ್ತದೆಯೇ? ಎಳೆದುಕೊಂಡಿತು, ಹಾಗಾದರೆ ಬೆನ್ನುಹುರಿ ಸರಿಯಿದೆ. ಅಂಗಾತ ಮಲಗಿಸಿದರೆ ತಾನೇ ಮಗುಚಿಕೊಳ್ಳುತ್ತದೆಯೇ? ಎರಡನೇ ಯತ್ನಕ್ಕೆ ಮಗುಚಿಕೊಂಡು, ಮೈ ಉಬ್ಬಿಸಿ ನನ್ನ ಕಡೆ ತಲೆ ತಗ್ಗಿಸಿತು. ಹೆದರಿಸಲು ಬರುವವನಿಗೆ ಇನ್ನೂ ಜೀವದ ಆಸೆಯಿದೆ ಎಂದು ನನಗೆ ಧೈರ್ಯ ಬಂತು. ಕರುಳು ಹೊರಬಂದಿದ್ದರೆ, ಬೆನ್ನು ಮುರಿದಿದ್ದರೆ ಅಲ್ಲಿಗೇ ನಿರ್ಧಾರ ಮುಗಿಯುತ್ತಿತ್ತು. ಕಾಲೊಂದು ಹೋದ ಕಪ್ಪೆ ಬದುಕಬಹುದು. ನೆಲಗಪ್ಪೆ ಉದ್ದಕ್ಕೆ ಹಾರುವ ಜಾತಿಯಲ್ಲ, ಕುಪ್ಪಳಿಸುತ್ತ, ನಡೆಯುತ್ತ ಇರುತ್ತದೆ. ಗೊದಮೊಟ್ಟೆಯಾಗಿದ್ದಾಗ ಹೋದ ಕಾಲು ಮತ್ತೆ ಬೆಳೆಯಬಹುದು, ದೊಡ್ಡದಾದ ಮೇಲೆ ಬೆಳೆಯುವುದಿಲ್ಲ. ಆದರೂ ಮೂರು ಕಾಲಿನಲ್ಲಿ ಬಾಳುವ ಕಪ್ಪೆಗಳಿವೆ.

ಚಿಕಿತ್ಸೆಗೆ ಹೋಗೋಣ ಎಂದೆ.

ಡಾಕ್ಟರು, ತಕ್ಕಡಿ

ನಮಗೆ ಗೊತ್ತಿದ್ದ ಪಶುವೈದ್ಯರು ದಿನವಿಡೀ ದನ, ಎಮ್ಮೆ, ನಾಯಿ ನೋಡುವವರು. ಡಬ್ಬಿ ತೆರೆದು ನೋಡಿ, "ಇದಕ್ಕೆ ನಾನು ಹೊಸಬ" ಎಂದು ಮೊದಲೇ ಒಪ್ಪಿಕೊಂಡರು. ನಮ್ಮೆದುರಿಗೇ ತಮ್ಮ ಜೊತೆ ಓದಿದ, ಈಗ ಮೃಗಾಲಯದ ಪ್ರಾಣಿಗಳನ್ನು ನೋಡಿಕೊಳ್ಳುವ ಸ್ನೇಹಿತರಿಗೆ ಫೋನು ಹಚ್ಚಿದರು. ಗೊತ್ತಿಲ್ಲದ್ದನ್ನು ಕೇಳಿ ತಿಳಿದ ಆ ಹದಿನೈದು ನಿಮಿಷ ಇಡೀ ಚಿಕಿತ್ಸೆಯ ಬೆನ್ನೆಲುಬು. ಮಾಮೂಲಿ ಸಲೈನ್ ಕಪ್ಪೆಗೆ ಹೆಚ್ಚು ಉಪ್ಪಾಗುತ್ತದೆ. ನೂರಕ್ಕೆ 0.9 ಇರುವುದನ್ನು 0.6ಕ್ಕೆ ಇಳಿಸಬೇಕು, ಅಂದರೆ ಎರಡು ಪಾಲಿಗೆ ಒಂದು ಪಾಲು ಡಿಸ್ಟಿಲ್ಡ್ ವಾಟರ್. ಸೂಜಿ ಮುಂಗಾಲಿಗೇ ಹಾಕಬೇಕು, ಹಿಂಗಾಲಿಗೆ ಹಾಕಿದ್ದು ಮೈಗೆಲ್ಲ ಹರಡುವ ಮೊದಲು ಮೂತ್ರಪಿಂಡಕ್ಕೆ ಹೋಗಿಬಿಡಬಹುದು. ಗಾಯಕ್ಕೆ ಸುಟ್ಟಗಾಯದ ಬಿಳಿ ಮುಲಾಮು, ಸಿಲ್ವರ್ ಸಲ್ಫಡಯಾಜಿನ್, ತೆಳ್ಳಗೆ.

ಮದ್ದಿನ ಪ್ರಮಾಣಕ್ಕೆ ತೂಕ ಬೇಕು. ದನದ ಆಸ್ಪತ್ರೆಯಲ್ಲಿ ಕಪ್ಪೆ ತೂಗುವ ತಕ್ಕಡಿ ಎಲ್ಲಿಂದ ಬರಬೇಕು? ಹುಡುಗ ಬೈಕಿನಲ್ಲಿ ಹೋಗಿ ಮನೆಯಿಂದ ಏಲಕ್ಕಿ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ತಂದ. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಎಂದು ಮಾತಿಗೆ ಅನ್ನುತ್ತೇವಲ್ಲ, ಅದನ್ನು ಅಕ್ಷರಶಃ ಮಾಡಿದ್ದು ಅವತ್ತೇ. ಡಬ್ಬಿಯ ತೂಕ ಕಳೆದು 74 ಗ್ರಾಂ.

ನೋವಿನ ಮದ್ದು, ಆಂಟಿಬಯಾಟಿಕ್ ಎರಡೂ ಬಿತ್ತು. ಪ್ರಮಾಣ ಬರೆಯುತ್ತಿಲ್ಲ, ಯಾರೂ ಇದನ್ನು ನೋಡಿ ಮನೆಯಲ್ಲಿ ಹಾಕಬಾರದು. ನೇತಾಡುವ ಪಾದವನ್ನು ಅವತ್ತೇ ತೆಗೆಯಬೇಕೇ ಎಂದು ಚರ್ಚೆಯಾಯಿತು. ಡಾಕ್ಟರು ಬೇಡವೆಂದರು. "ಏಟಿನ ಆಘಾತದಲ್ಲಿದೆ. ಮೂರು ದಿನ ತಡೆದರೆ ಆಮೇಲೆ ಕೈ ಹಾಕ್ತೀನಿ." ಹುಡುಗನಿಗೆ ಇದು ಉದಾಸೀನ ಅನ್ನಿಸಿತು. ಈಗ ಯೋಚಿಸಿದರೆ, ಫಲವಿಲ್ಲದ ಒಂದು ಶಸ್ತ್ರಚಿಕಿತ್ಸೆಯನ್ನು ಆ ಮಾತು ತಪ್ಪಿಸಿತು.

ಅವರೂ ಬಾಯಿ ತೆರೆದು ನೋಡಲಿಲ್ಲ. ಸುಮ್ಮನೆ ಹಿಂಸೆ ಯಾಕೆಂದು ಬಿಟ್ಟರು, ನಾನೂ ಕೇಳಲಿಲ್ಲ.

ನಾಲ್ಕನೇ ದಿನದ ಸಂತೋಷ

ದಿನಕ್ಕೆ ಒಮ್ಮೆ ಬಟ್ಟೆ ಬದಲು, ಒಮ್ಮೆ ಮುಲಾಮು, ಒಮ್ಮೆ ತೂಕ. ಉಳಿದಂತೆ ಡಬ್ಬಿಯನ್ನು ಯಾರೂ ಮುಟ್ಟಬಾರದು. ಕೇಳಿದರೆ ಸುಲಭ. ಆದರೆ ಮನೆಗೆ ಬಂದವರೆಲ್ಲ ಮುಚ್ಚಳ ತೆಗೆದು ನೋಡುವವರೇ. ಎರಡನೇ ರಾತ್ರಿ ಯಾರೋ ಬೆಚ್ಚಗಿರಲಿ ಎಂದು ಡಬ್ಬಿಯನ್ನು ಬಚ್ಚಲ ಒಲೆಯ ಕಟ್ಟೆಯ ಮೇಲೆ ಇಟ್ಟಿದ್ದರು. ಬಟ್ಟೆಯ ಅಂಚು ಒಣಗಲು ಶುರುವಾಗಿತ್ತು, ಪುಣ್ಯಕ್ಕೆ ಅಜ್ಜಿ ನೋಡಿದರು. ಗಾಯಗೊಂಡ ಹಕ್ಕಿಮರಿಗೆ ಶಾಖ ಬೇಕು, ಕಪ್ಪೆಗೆ ಅದೇ ಶಾಖ ಮೈ ಒಣಗಿಸುತ್ತದೆ. ಒಂದರ ಅನುಭವ ಇನ್ನೊಂದಕ್ಕೆ ಹೊಂದುವುದಿಲ್ಲ.

ನಾಲ್ಕನೇ ದಿನ ತೂಕ 81 ಗ್ರಾಂ! ಹುಡುಗ ನನಗೆ ಫೋನು ಮಾಡಿ ಕೂಗಿಯೇ ಹೇಳಿದ. ನಾನೂ ಹಿಗ್ಗಿದೆ. ಆದರೆ ಅದು ನಾಲ್ಕು ದಿನದಿಂದ ಏನೂ ತಿಂದಿರಲಿಲ್ಲ. ಏನೂ ತಿನ್ನದ ಜೀವ ಏಳು ಗ್ರಾಂ ಹೇಗೆ ಹೆಚ್ಚಾಯಿತು ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಬೇಕಾದ ಸುದ್ದಿ ಬಂದಾಗ ಲೆಕ್ಕ ತಾಳೆ ನೋಡುವವರು ಯಾರು? ಸಂಜೆ ಡಾಕ್ಟರು ಬಿಡಿಸಿದರು. ಕಪ್ಪೆಯ ಮೂತ್ರಕೋಶವೇ ಅದರ ನೀರಿನ ಟ್ಯಾಂಕು. ಒದ್ದೆ ಬಟ್ಟೆಯ ಮೇಲೆ ಕೂತು ಹೀರಿ ತುಂಬಿಕೊಳ್ಳುತ್ತದೆ, ಹೆದರಿದಾಗ ಚೆಲ್ಲುತ್ತದೆ. "ನೀವು ತೂಗಿದ್ದು ಕಪ್ಪೆಯನ್ನಲ್ಲ, ನೀರನ್ನ." ಮರುದಿನದಿಂದ ಎತ್ತಿದಾಗ ಅದು ನೀರು ಬಿಟ್ಟ ಮೇಲೆಯೇ ತೂಗಿದೆವು.

ಐದನೇ ಸಂಜೆ

ಆಹಾರ ಕೊಟ್ಟು ನೋಡುವ ದಿನ. ಸತ್ತ ಹುಳ ಕೊಟ್ಟರೆ ನೆಲಗಪ್ಪೆಗೆ ಕಾಣುವುದೇ ಇಲ್ಲ ಎನ್ನಬೇಕು, ಅಲುಗಾಡಿದರೆ ಮಾತ್ರ ಅದು ಊಟ. ಹುಡುಗ ಹುತ್ತದ ಅಂಚಿನಿಂದ ಗೆದ್ದಲು ತಂದ. ಕತ್ತಲಾದ ಮೇಲೆ ಡಬ್ಬಿಯೊಳಗಿನ ಹಾಳೆಯ ಮೇಲೆ ಐದಾರು ಬಿಟ್ಟು, ಟಾರ್ಚಿಗೆ ಬಟ್ಟೆ ಸುತ್ತಿ ದೂರ ಕೂತೆವು.

ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಕಪ್ಪೆ ತಲೆಯನ್ನು ಚೂರು ಚೂರೇ ತಿರುಗಿಸಿತು. ಮುಂಗಾಲಿನ ಮೇಲೆ ಏರಿ ಮುಂದಕ್ಕೆ ಬಾಗಿತು. ಒಳ್ಳೆಯ ಹಿಂಗಾಲಿನ ಉದ್ದ ಬೆರಳು ಪಟಪಟ ಅಲುಗಿತು. ಬೇಟೆ ಹಿಡಿಯುವ ಮುಂಚೆ ನೆಲಗಪ್ಪೆಗಳು ಹಾಗೆ ಮಾಡುತ್ತವೆ. ಹುಡುಗ ನನ್ನ ಕೈ ಹಿಡಿದುಕೊಂಡ. ಹೊಡೆಯಿತು. ನಾಲಿಗೆ ಪೂರ್ತಿ ಹೊರಗೆ ಬರಲಿಲ್ಲ. ಬಂದಷ್ಟೂ ಎಡಕ್ಕೆ ವಾಲಿತು. ಗಲ್ಲ ಹೋಗಿ ಹಾಳೆಗೆ ಟಕ್ಕೆಂದು ಬಡಿಯಿತು. ಗೆದ್ದಲು ತನ್ನ ಪಾಡಿಗೆ ನಡೆದುಹೋಯಿತು. ಮತ್ತೆ ಬಾಗಿತು, ಬೆರಳು ಅಲುಗಿತು, ಮತ್ತೆ ತಪ್ಪಿತು. ಮೂರನೇ ಸಲ ತಪ್ಪಿದ ಮೇಲೆ ಮುಂಗೈಯಿಂದ ಬಾಯಿ ಒರೆಸಿಕೊಂಡಿತು. ಒಮ್ಮೆಯಲ್ಲ, ನಾಲ್ಕೈದು ಸಲ, ಎಡಗಡೆ ಮಾತ್ರ. ಆಮೇಲೆ ಹಾಳೆಯ ಕೆಳಗೆ ಹೋಗಿ ಕೂತಿತು.

ಮೊದಲ ದಿನ ಬಾಯಿಯ ಎಡ ಮೂಲೆಯಲ್ಲಿ ಕಂಡ ರಕ್ತ ಆಗ ನೆನಪಾಯಿತು.

ಆರನೇ ದಿನ ಡಾಕ್ಟರು ತೆಳು ಪ್ಲಾಸ್ಟಿಕ್ ಕಾರ್ಡಿನ ಅಂಚನ್ನು ಒದ್ದೆ ಮಾಡಿ ಮೆಲ್ಲಗೆ ಬಾಯಿ ಬಿಡಿಸಿದರು. ಕೆಳದವಡೆ ಎಡಗಡೆ ಮುರಿದು ಒಳಕ್ಕೆ ಸರಿದಿತ್ತು. ಕಪ್ಪೆಯ ನಾಲಿಗೆಯ ಬುಡ ಇರುವುದು ಬಾಯಿಯ ಮುಂದೆ, ದವಡೆಯ ಹತ್ತಿರ. ಆ ಬುಡವೆಲ್ಲ ಕಪ್ಪಿಟ್ಟು ಊದಿತ್ತು. ಕಾಲಿನ ಗಾಯ ಚೊಕ್ಕಟವಾಗಿತ್ತು, ಕೀವಿಲ್ಲ, ವಾಸನೆಯಿಲ್ಲ. ನಮ್ಮ ಆರೈಕೆಯೆಲ್ಲ ಫಲ ಕೊಟ್ಟದ್ದು ಅಲ್ಲಿ. ಅಂದಿನ ತೂಕ, ನೀರು ಬಿಟ್ಟ ಮೇಲೆ, 66.

ಗಡುವು

ಈಗ ದಾರಿ ಮೂರು. ಬಾಯಿ ಬಿಡಿಸಿ ತಿನ್ನಿಸುತ್ತ ದವಡೆ ಕೂಡುತ್ತದೆಯೇ ಎಂದು ಕಾಯುವುದು. ಹಾಗೇ ಬಿಟ್ಟುಬಿಡುವುದು. ದಯಾಮರಣ.

ಬಿಟ್ಟುಬಿಡುವ ಮಾತು ಯಜಮಾನರದ್ದು. ಈ ಸಲ ಅವರು ಅದನ್ನು ಕರುಣೆಯಿಂದಲೇ ಹೇಳಿದರು. ಹುಟ್ಟಿದ ಜಾಗದಲ್ಲಿ ಸಾಯಲಿ ಎಂದು. ನನಗೆ ಒಪ್ಪಿಗೆಯಾಗಲಿಲ್ಲ. ಬಿಸಿರಕ್ತದ ಇಲಿಯೋ ಹಕ್ಕಿಯೋ ತಿನ್ನಲಾಗದಿದ್ದರೆ ಬೇಗ ಹೋಗುತ್ತದೆ. ಕಪ್ಪೆಯ ಮೈಯ ಖರ್ಚು ಕಡಿಮೆ, ಅದು ವಾರಗಟ್ಟಲೆ ಉಪವಾಸ ತಡೆಯುತ್ತದೆ. ಬದುಕಿಸುವ ಗುಣವೇ ಇಲ್ಲಿ ಸಾವನ್ನು ಎಳೆಯುತ್ತದೆ. ಗಟಾರಕ್ಕೆ ಬಿಟ್ಟು ಬಂದರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಹುಡುಗ ಮೊದಲ ದಾರಿಗೆ ಪಟ್ಟು ಹಿಡಿದ. ದಿನಾ ತಾನೇ ತಿನ್ನಿಸುತ್ತೇನೆ, ಜೀವಮಾನ ಪೂರ್ತಿ ಸಾಕುತ್ತೇನೆ ಎಂದ. ಅದಕ್ಕೆ ಉತ್ತರ ಕೊಟ್ಟದ್ದು ಡಾಕ್ಟರಲ್ಲ, ನಾನಲ್ಲ, ಅಜ್ಜಿ. "ಮುರಿದ ಬಾಯಿಗೆ ದಿನಾ ನೀನು ಕೈ ಹಾಕ್ತೀಯ. ಅದಕ್ಕೆ ದಿನಾ ಮಷೀನು ಬಂದ ಹಾಗೇ ಅಲ್ವೇನೋ?" ಅವನು ಎದ್ದು ಹೊರಗೆ ಹೋದ.

ಡಾಕ್ಟರು ಒಂದು ಮಧ್ಯದ ದಾರಿ ಹಾಕಿದರು. ಇನ್ನೂ ಐದು ದಿನ ನೋವಿನ ಮದ್ದು ಮುಂದುವರಿಯಲಿ, ಬಲವಂತದ ಊಟ ಬೇಡ. ಹನ್ನೊಂದನೇ ದಿನದೊಳಗೆ ತಾನಾಗಿ ಒಂದಾದರೂ ಹುಳ ಹಿಡಿದರೆ ಮುಂದೆ ನೋಡೋಣ. ಹಿಡಿಯದಿದ್ದರೆ ಮುಗಿಸೋಣ. ನಡುವೆ ಅಂಗಾತದಿಂದ ಮಗುಚಿಕೊಳ್ಳಲು ಆಗದಿದ್ದರೆ, ಅಥವಾ ತೂಕ 60ಕ್ಕೆ ಇಳಿದರೆ, ಗಡುವಿಗೆ ಕಾಯುವುದು ಬೇಡ. ಇದನ್ನು ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದೆವು. ಹುಡುಗನ ಕೈಯಲ್ಲೇ ಬರೆಸಿದರು. ಬರೆದದ್ದು ಎಷ್ಟು ಒಳ್ಳೆಯದಾಯಿತು ಎಂದರೆ, ಆಮೇಲಿನ ಪ್ರತಿ ಸಂಜೆ "ಇವತ್ತು ಸ್ವಲ್ಪ ಚುರುಕಾಗಿದೆ ಅಲ್ವ" ಎಂದು ನಾವು ನಮಗೇ ಹೇಳಿಕೊಳ್ಳುವಾಗಲೆಲ್ಲ ಮುಚ್ಚಳ ಎದುರಿಗಿರುತ್ತಿತ್ತು.

ಏಳನೇ ಸಂಜೆ ಒಂದು ಸಲ ಹೊಡೆಯಿತು, ತಪ್ಪಿತು. ಎಂಟನೇ ಸಂಜೆ ಗೆದ್ದಲು ಮೂಗಿನ ಮುಂದೆ ಹೋದರೂ ತಿರುಗಲಿಲ್ಲ. ಒಂಬತ್ತನೇ ಬೆಳಿಗ್ಗೆ ಕಣ್ಣು ಒಳಗೆ ಇಳಿದಿತ್ತು. ಮುಟ್ಟಿದರೆ ಮೈ ಉಬ್ಬಿಸಲಿಲ್ಲ. ತೂಕ 60. ಹುಡುಗನೇ ಫೋನು ಮಾಡಿದ, "ಮುಚ್ಚಳದಲ್ಲಿ ಬರೆದದ್ದು ಆಗಿದೆ ಟೀಚರ್" ಅಂದ.

ಕೊನೆಯ ಮಧ್ಯಾಹ್ನ

ದನಗಳ ಸರದಿ ಮುಗಿದ ಮೇಲೆ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ. ಅರಿವಳಿಕೆ ಮದ್ದನ್ನು ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಯ ಪೊಳ್ಳಿಗೆ ಕೊಟ್ಟರು. ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರು. ಕಣ್ಣು ಮುಟ್ಟಿದರೆ ರೆಪ್ಪೆ ಅಲುಗಲಿಲ್ಲ, ಬೆರಳು ಚಿವುಟಿದರೆ ಕಾಲು ಎಳೆಯಲಿಲ್ಲ. ಅಲ್ಲಿಗೆ ಮುಗಿಯುವುದಿಲ್ಲ. ಕಪ್ಪೆಯ ಮಿದುಳು ಆಮ್ಲಜನಕ ಇಲ್ಲದೆಯೂ ನಮಗಿಂತ ಬಹಳ ಹೊತ್ತು ತಡೆಯುತ್ತದೆ. ಅಮೆರಿಕದ ಪಶುವೈದ್ಯಕೀಯ ಸಂಘದ 2020ರ ಮಾರ್ಗಸೂಚಿ ತಲೆ ಕಡಿದರೂ ಅಷ್ಟೇ ಸಾಲದು ಎನ್ನುವುದು ಇದೇ ಕಾರಣಕ್ಕೆ. ಪ್ರಜ್ಞೆ ಪೂರ್ತಿ ಹೋದದ್ದು ಖಚಿತವಾದ ಮೇಲೆ ಮಿದುಳನ್ನು ಸೂಜಿಯಿಂದ ನಾಶ ಮಾಡಿದರು. ಹುಡುಗನನ್ನು ಅಷ್ಟು ಹೊತ್ತು ಹೊರಗೆ ನಿಲ್ಲಿಸಿದ್ದೆವು.

ಪಿಯುಸಿಯಲ್ಲಿ ಕಪ್ಪೆ ಕೊಯ್ದ ತಲೆಮಾರಿನವಳು ನಾನು. ಆಗ ಅಂಕಕ್ಕಾಗಿ ಮೇಣದ ಟ್ರೇಯಲ್ಲಿ ಪಿನ್ನು ಚುಚ್ಚಿ ನೋಡಿದ ಹೃದಯ ಎಲ್ಲಿರುತ್ತದೆ ಎಂದು ಗೊತ್ತಿತ್ತು. ಎರಡು ಮುಂಗಾಲಿನ ನಡುವೆ ಚರ್ಮ ಇನ್ನೂ ಸಣ್ಣಗೆ ಮಿಡಿಯುತ್ತಿತ್ತು. "ಅದು ಮಿಡೀತಾನೇ ಇರುತ್ತೆ, ಅದರಿಂದ ಏನೂ ತಿಳಿಯಲ್ಲ" ಎಂದರು ಡಾಕ್ಟರು. ತಿಳಿದದ್ದೇ ಆದರೂ ಕೇಳಿದ್ದು ಒಳ್ಳೆಯದಾಯಿತು. ಅದು ನಿಂತ ಮೇಲೆ ಬಾಳೆಲೆಯಲ್ಲಿ ಸುತ್ತಿ ಮನೆಗೆ ತಂದೆವು. ಎರಡು ಅಡಿ ಆಳ ತೋಡಿ, ಮೇಲೆ ಕಲ್ಲು ಹೇರಿ ಹೂತೆವು. ಮದ್ದು ಮೈಯಲ್ಲಿ ಉಳಿದಿರುತ್ತದೆ, ನಾಯಿಯೋ ಮುಂಗುಸಿಯೋ ತೋಡಿ ತಿಂದರೆ ಅವಕ್ಕೂ ಅಪಾಯ.

ಮರಳಿ ನೋಡಿದಾಗ

ಮೊದಲ ದಿನವೇ ಬಾಯಿ ನೋಡಿದ್ದರೆ? ದವಡೆ ಮುರಿದದ್ದು ಗೊತ್ತಾಗಿದ್ದರೆ ನಾನು ಅವತ್ತೇ ದಯಾಮರಣ ಎನ್ನುತ್ತಿದ್ದೆ, ಡಾಕ್ಟರೂ ಅದನ್ನೇ ಹೇಳುತ್ತಾರೆ. ಅಂದರೆ ನಾವು ಉಳಿಸಿದ್ದೆಂದು ತಿಳಿದ ಒಂಬತ್ತು ದಿನದಲ್ಲಿ ಎಂಟು ದಿನ ಕಪ್ಪೆಗೆ ಬೇಕಿರಲಿಲ್ಲ. ನೋವಿನ ಮದ್ದು ಬಿದ್ದಿತ್ತು ಎನ್ನುವುದೊಂದೇ ಸಮಾಧಾನ. ಈಗ ನನ್ನ ಪರೀಕ್ಷೆ ಮೂರಲ್ಲ, ನಾಲ್ಕು. ಹೊಟ್ಟೆ, ಬೆನ್ನು, ಮಗುಚಿಕೊಳ್ಳುವುದು, ಬಾಯಿ. ಬಾಯಿಯನ್ನು ನಾನು ತೆರೆಯುವುದಿಲ್ಲ, ಎದುರಿನಿಂದ ಕಣ್ಣಿನ ಮಟ್ಟಕ್ಕೆ ಇಟ್ಟು ಎರಡೂ ಮೂಲೆ ಸಮವಾಗಿವೆಯೇ ಎಂದು ನೋಡುತ್ತೇನೆ. ಓರೆಯಾಗಿದ್ದರೆ ತೆರೆಯುವ ಕೆಲಸ ಡಾಕ್ಟರದ್ದು.

ದವಡೆ ಸರಿಯಿದ್ದು ಕಾಲು ಮಾತ್ರ ಹೋಗಿದ್ದರೆ, ಗಾಯ ಕೂಡಿದ ಮೇಲೆ ಅದೇ ಗಟಾರದ ಕಲ್ಲಿನ ಹತ್ತಿರ ಬಿಡುತ್ತಿದ್ದೆವು. ಬೇರೆ "ಒಳ್ಳೆಯ" ಕೆರೆಗೆ ಅಲ್ಲ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಕಂಡಿದೆ. ಒಂದು ಕಡೆಯ ಕಪ್ಪೆಯನ್ನು ಇನ್ನೊಂದು ಕಡೆ ಬಿಟ್ಟರೆ ಅದರ ಜೊತೆ ಏನನ್ನು ಬಿಟ್ಟೆವೆಂದು ಗೊತ್ತಾಗುವುದಿಲ್ಲ.

ಮಷೀನು ಓಡಿಸುವವರು ಈಗ ಗಟಾರದ ಪಕ್ಕ ಬಂದಾಗ ಎಂಜಿನ್ ನಿಲ್ಲಿಸುತ್ತಾರೆ. ಹಗಲು ಹೊತ್ತಿನಲ್ಲಿ ನೆಲಗಪ್ಪೆ ಅಡಗಿರುವುದೇ ಅಂಥ ತಂಪು ಹುಲ್ಲಿನ ಬುಡದಲ್ಲಿ. ಕೋಲಿನಿಂದ ಬಡಿದು, ಕಲ್ಲಿನಿಂದ ಒಂದು ಮೊಳ ದೂರದವರೆಗೆ ಹುಲ್ಲನ್ನು ಕತ್ತಿಯಲ್ಲೇ ಸವರುತ್ತಾರೆ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಯಜಮಾನರು ಆ ಅರ್ಧ ಗಂಟೆಯ ಬಗ್ಗೆ ಮಾತಾಡುವುದಿಲ್ಲ. ಗುದ್ದಲಿಯ ಏಟೇ ಸರಿಯಿತ್ತು ಎಂಬ ತಮ್ಮ ಮಾತನ್ನು ಮಾತ್ರ ಮಷೀನು ಓಡಿಸುವವರು ಇನ್ನೂ ಬಿಟ್ಟಿಲ್ಲ. ವಾದಿಸಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ.

ಅವತ್ತು ಹೊರಡುವಾಗ ಡಾಕ್ಟರು ರಿಜಿಸ್ಟರ್ ತುಂಬುತ್ತಿದ್ದರು. ದನ, ಎಮ್ಮೆ, ಆಡು, ನಾಯಿ ಎಂದು ಕಾಲಂ ಇದ್ದವು. ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಕೊನೆಗೆ "ಇತರೆ" ಎಂಬಲ್ಲಿ 1 ಎಂದು ಬರೆದರು.